ಬಲಗಡೆ ಬಿದ್ದ ಪಾಠಗಳು

ಪ್ರೊಫೆಸರರನ್ನು ಕೇಳಿ ವೈದ್ಯಶಾಸ್ತ್ರ ಓದಿದವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಆಂಜನೇಯನನ್ನು ಕೇಳಿ ಓದಿದವರು ಒಬ್ಬರೇ, ಅವರು ನಮ್ಮ ಭಾವ! ಅಕ್ಕ ತೀರಿಕೊಂಡ ಮೇಲೂ ನಾನು ಬಿಡದೆ ಉಳಿಸಿಕೊಂಡ ಸಂಬಂಧ; ಲಾಭವೇನೆಂದು ಕೇಳಬೇಡಿ.

ಭಾವ ಹೊಳೆನರಸೀಪುರದಲ್ಲಿ ಎಲ್.ಎಂ.ಪಿ. ಡಾಕ್ಟರು. ಅಂದರೆ ಅರಕಲಗೂಡಿನಿಂದ ಗಾಡಿ ಕಟ್ಟಿಕೊಂಡು ಬರುವ ರೋಗಿಗೆ ಧನ್ವಂತರಿ, ಎಂ.ಬಿ.ಬಿ.ಎಸ್. ಆದವರ ಕಣ್ಣಿಗೆ ಕಾಂಪೌಂಡರಿಗಿಂತ ಒಂದು ಮೆಟ್ಟಿಲು ಮೇಲೆ. ಆ ದೊಡ್ಡ ಪರೀಕ್ಷೆ ಪಾಸಾದರೆ ಹಾಸನದ ಆಸ್ಪತ್ರೆಯಲ್ಲಿ ಕೆಲಸ. ಎರಡು ಸಲ ಡುಮ್ಕಿ ಹೊಡೆದಾಗಿತ್ತು, ಮೂರನೆಯದೇ ಕೊನೆಯದು. ಪುಸ್ತಕವೋ ಒರಳುಕಲ್ಲಿನ ಗಾತ್ರ. ದಿನವೆಲ್ಲ ರೋಗಿಗಳು. ಯಾವುದನ್ನು ಓದುವುದು, ಯಾವುದನ್ನು ಬಿಡುವುದು?

ನಾನು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಮೇಲೆ ಬಂದವನು. ಕೇಳದಿದ್ದರೂ ಸಲಹೆ ಕೊಡುತ್ತೇನೆ. ಕೊಳ್ಳುವವನು ಕೇಳುವ ಮಾಲನ್ನು ಅಂಗಡಿಯಲ್ಲಿಡಬೇಕು, ಹಳೆಯ ಪ್ರಶ್ನೆಪತ್ರಿಕೆ ತರಿಸಿ ನೋಡಿ ಎಂದೆ. ಭಾವ ತಲೆಯಾಡಿಸಿ, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನೇರ ದೇವಸ್ಥಾನಕ್ಕೆ ಹೋದರು.

ನಮ್ಮ ಕಡೆ ದೇವರ ಮೈಗೆ ಹೂವು ಮೆತ್ತಿ ಪ್ರಸಾದ ಕೇಳುತ್ತೇವೆ. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಮದುವೆಗೆ ಕೇಳುತ್ತೇವೆ, ಬಾವಿಗೆ ಕೇಳುತ್ತೇವೆ. ಭಾವ ಒಂದೊಂದು ಪಾಠಕ್ಕೂ ಕೇಳಿದರು! ಮಲೇರಿಯಾಕ್ಕೆ ಬಲ. ಜಂತುಹುಳುವಿಗೆ ಬಲ. ಹೃದಯಕ್ಕೆ ಎಡ. ಕಾಮಾಲೆಗೆ ಹೂವು ಯಾವ ಕಡೆಯೂ ಬೀಳದೆ ಕೂತೇಬಿಟ್ಟಿತು. ಕಳೆದುಹೋದ ಎಮ್ಮೆಯ ವಿಚಾರ ಕೇಳಲು ಸಾಲಗಾಮೆಯಿಂದ ಬಂದಿದ್ದವನೊಬ್ಬ ಹಿಂದೆ ನಿಂತು ನಿಂತು ಸೋತ.

"ಸಾ, ನಿಮ್ ಕಾಯ್ಲೆಗೋಳು ಮುಗಿಯೋ ಒತ್ಗೆ ನನ್ ಎಮ್ಮೆ ಎಲ್ಲಿದ್ರೂ ಕರ ಆಕ್ಬುಡ್ತದೆ."

ಅರ್ಚಕರಿಗೂ ಸಾಕಾಗಿತ್ತು. "ಡಾಕ್ಟ್ರೇ, ಯಾವ್ದು ಸಂಜೀವಿನಿ ಅಂತ ಗೊತ್ತಾಗ್ದೆ ಬೆಟ್ಟಾನೇ ಹೊತ್ಕೊಂಡು ಬಂದೋನು ಈ ಸ್ವಾಮಿ. ಇವನನ್ನ ಕೇಳ್ತೀರಲ್ಲ! ನೀವೂ ಇಡೀ ಪುಸ್ತಕ ಓದ್ಬಿಡಿ."

ಭಾವ ಕೇಳಲಿಲ್ಲ. ಮೈಸೂರಿನಲ್ಲಿ ಪರೀಕ್ಷಕರು ಕೇಳಿದ್ದು ಹೃದಯ. ಭಾವ ವಿನಯದಿಂದ, ಜಂತುಹುಳುವಿನ ವಿಷಯ ಹೇಳಲೇ ಎಂದರಂತೆ! ಹಾಸನದ ಕೆಲಸ ಮೀಸೆ ಸರಿಯಾಗಿ ಬಾರದ ಯಾವನಿಗೋ ಹೋಯಿತು. ದೇವರಿಗೇನು, ಫೇಲಾಗುವ ಭಯವೇ?

ನನಗೆ ಮೈ ಉರಿದುಹೋಯಿತು. ಜಗಳಕ್ಕೆಂದೇ ಬಸ್ಸು ಹತ್ತಿ ಹೋದರೆ, ಭಾವ ಅದೇ ಪುಸ್ತಕ ಓದುತ್ತ ಕೂತಿದ್ದಾರೆ. ಪರೀಕ್ಷೆ ಮುಗಿದು, ಇನ್ನೊಂದಕ್ಕೆ ದಾರಿಯೂ ಮುಚ್ಚಿದ ಮೇಲೆ! ಬಗ್ಗಿ ನೋಡಿದೆ: ಹೆರಿಗೆಯ ಪಾಠ.

"ಇದಕ್ಕೂ ಬಲಗಡೆ ಆಯ್ತಾ?" ಎಂದು ಚುಚ್ಚಿದೆ.

"ಇದನ್ನ ಕೇಳ್ಲಿಲ್ಲ ಕಣಪ್ಪ. ನಿಮ್ಮಕ್ಕನಿಗೆ ನೋವು ಬಂದಾಗ ಕೇಳಿದ್ದೆ. ಹಾಸನಕ್ಕೆ ಸಾಗಿಸ್ದೆ ಇಲ್ಲೇ ಇಟ್ಕೊಳ್ಲಾ ಅಂತ. ಬಲಗಡೆ ಕೊಟ್ಟ."

"ಹಾಗಿದ್ಮೇಲೆ ಮಿಕ್ಕಿದ್ದನ್ನ ಯಾಕೆ ಕೇಳೋಕೆ ಹೋದ್ರಿ?"

"ಮಿಕ್ಕಿದ್ರಲ್ಲಿ ಅವನು ತಪ್ಪು ಹೇಳಿದ್ರೆ ನನ್ ಪರೀಕ್ಷೆ ತಾನೆ ಹೋಗೋದು?"

ಬೆಳಕು ಸಾಲದೆನಿಸಿ ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದೆ. ಪಕ್ಕದಲ್ಲಿ ಕೂತೆ.

"ಗಟ್ಟಿಯಾಗೇ ಓದಿ, ಭಾವ," ಎಂದೆ.