ಮೂವತ್ತೈದು ಸಲ ಒರೆಸಿದ ಡಿಸ್ಕು

ಫೋಂಡಾದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್. ಬೀಗದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ! ಆದ್ದರಿಂದ ಮನೆಗೆ ಬಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೂ ಬೀಗ ಹಾಕಲು ನಿರ್ಧರಿಸಿದೆ. ಡಿಸ್ಕಿನಲ್ಲಿದ್ದುದನ್ನೆಲ್ಲ ಗುಪ್ತಲಿಪಿಗೆ ತಿರುಗಿಸುವ ತಂತ್ರಾಂಶವೊಂದು ಪುಕ್ಕಟೆ ಸಿಕ್ಕಿತ್ತು. ಶನಿವಾರ ಬೆಳಿಗ್ಗೆ ಎಂಟಕ್ಕೆ ಶುಭಾರಂಭ.

ಅದೇ ಮಧ್ಯಾಹ್ನ ಮಡಗಾಂವಿನ ಶಾಲೆಯೊಂದರಲ್ಲಿ ನನ್ನ ಹೆಂಡತಿ ಸುಮಾಳಿಗೆ ಸಂದರ್ಶನ. ಹತ್ತು ವರ್ಷಗಳ ನಂತರ ಮತ್ತೆ ಶಿಕ್ಷಕಿಯಾಗುವ ಆಸೆ ಅವಳದು. ಅಲ್ಲಿ ಪಾಠ ಮಾಡುವಾಗ ತೋರಿಸಬೇಕಾದ ಚಿತ್ರಗಳೆಲ್ಲ ಅದೇ ಲ್ಯಾಪ್‌ಟಾಪಿನಲ್ಲಿದ್ದವು.

“ರೀ, ನಾ ಹನ್ನೆರಡರ ಬಸ್ಸಿಗೆ ಹೋಗ್ಬೇಕು. ಅಷ್ಟರಾಗ ಮುಗೀತದೋ ಇಲ್ಲೋ?”

“ಒಂಬತ್ತಕ್ಕೇ ಮುಗೀತದ, ತಗೋ!”

ತಂತ್ರಾಂಶ ವಿನಯದಿಂದ ಕೇಳಿತು: ಬೀಗ ಒಂದೋ, ಒಂದರ ಮೇಲೊಂದು ಮೂರೋ? ಮೂರು ಎಂದೆ. ಡಿಸ್ಕಿನಲ್ಲಿ ಉಳಿದ ಹಳೆಯ ಬರಹದ ಗುರುತುಗಳನ್ನು ಎಷ್ಟು ಸಲ ಒರೆಸಲಿ? ಒರೆಸದೆಯೂ ಬಿಡಬಹುದಿತ್ತು. ಆದರೆ ಧಾರವಾಡದ ನಮ್ಮ ಮನೆಯಲ್ಲಿ ಮಡಿ ಎಂದರೆ ಮಡಿ. ಪೂಜೆಯ ತಂಬಿಗೆಯನ್ನು ಮೂರು ಸಲ ತೊಳೆದ ಮೇಲೂ ಅವ್ವನಿಗೆ ಸಂಶಯ. ಈ ಲ್ಯಾಪ್‌ಟಾಪಿನ ಹಿಂದಿನ ಮಾಲೀಕ ಯಾರೋ, ಏನೋ! ಪಟ್ಟಿಯಲ್ಲಿದ್ದ ಅತಿ ದೊಡ್ಡ ಸಂಖ್ಯೆ ಮೂವತ್ತೈದು. ಅದನ್ನೇ ಒತ್ತಿದೆ.

ಪರದೆಯ ಮೇಲೆ ಮೂಡಿತು: ಉಳಿದ ಸಮಯ, ಆರು ದಿನ.

ಆರು ದಿನ! ಸುಮಾಳ ಮುಖ ನೆನೆದು ಹೆದರಿದೆ. ಆದರೆ ನಿಜ ಹೇಳುತ್ತೇನೆ, ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಇದರ ವೇಗ ಯಾವುದರ ಮೇಲೆ ನಿಂತಿದೆ? ನೋಟ್‌ಬುಕ್ ತೆರೆದು ಸಂಶೋಧನೆಗೆ ಕುಳಿತೆ. ಯಂತ್ರ ತಣ್ಣಗಾಗಲೆಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದೆ. ಬದಲಾವಣೆಯಿಲ್ಲ. ವೈರಸ್ ಹುಡುಕುವ ತಂತ್ರಾಂಶ ನಿಲ್ಲಿಸಿದೆ. ನಾಲ್ಕು ತಾಸು ಇಳಿಯಿತು! ಕೈ ತಟ್ಟುವಷ್ಟರಲ್ಲಿ ಏಕಾಏಕಿ ಎಂಟು ದಿನಕ್ಕೆ ಏರಿತು.

“ಸುಮಾ, ಏನ್ ಮಾಡಿದಿ?”

“ಚಟ್ನಿ ರುಬ್ಬಾಕತ್ತೇನಿ. ನಿಮ್ಮ ಪ್ಲಗ್ ತಗದು ಮಿಕ್ಸರ್ ಹಚ್ಚಿದೆ.”

ಬ್ಯಾಟರಿ ಉಳಿಸಲೆಂದು ಯಂತ್ರವೇ ನಿಧಾನವಾಗಿತ್ತು. ಎಂಥ ಶೋಧ! ಸಂಭ್ರಮದಿಂದ ಬರೆದುಕೊಂಡೆ.

“ನಿಮ್ಮ ಶೋಧ ಹಾಳಾಗ್ಲಿ. ನನ್ನ ಪಾಠ ಕೊಡ್ರಿ!”

“ಮುಗಿಯೂತನಕ ಮುಟ್ಟಬಾರ್ದು, ಸುಮಾ. ಎಲ್ಲಾ ಕೆಡ್ತದ!”

ಅವಳು ಮಗಳ ಚೀಲದಿಂದ ಬಣ್ಣದ ಸೀಮೆಸುಣ್ಣ ತೆಗೆದುಕೊಂಡು ಬಸ್ಸಿಗೆ ಹೋದಳು. ನನಗೆ ಮೊದಲ ಸಲ ನಾಚಿಕೆಯಾಯಿತು.

ಆಮೇಲೆ ಪಕ್ಕದ ಮನೆಯ ಕಾಮತರು ಬಂದರು. ಕಾರವಾರದವರು, ಕಂಪ್ಯೂಟರ್ ಬಲ್ಲವರು. ಪರದೆ ನೋಡಿ ಹಣೆ ಚಚ್ಚಿಕೊಂಡರು.

“ಮೂರು ಬೀಗಕ್ಕೆ ತಡ ಆಗ್ತದೆ, ಸರಿ. ಹಳೇ ಡಿಸ್ಕು, ಅದೂ ಸರಿ. ಆದ್ರೆ ಒಂದೊಂದು ತುಣುಕನ್ನೂ ಮೂವತ್ತೈದು ಸಲ ಒರೆಸು ಅಂತ ಹೇಳಿದ್ದು ಯಾರು ಮಾರಾಯ್ರೇ?”

ನಾನು ಫ್ಯಾನಿನ ಕಡೆ ನೋಡಿದೆ.

“ಹೋಗ್ಲಿ, ಸುಮಾಬಾಯಿಯವರ ಪಾಠ ತೆಗೆದು ಕೊಟ್ರಲ್ಲ? ಈ ಗುಂಡಿ ಒತ್ತಿದ್ರೆ ಕೆಲಸ ಅಲ್ಲಿಗೇ ನಿಲ್ತದೆ. ಬೇಕಾದ್ದು ತೆಗೆದು ಮತ್ತೆ ಮುಂದುವರಿಸಬಹುದು.”

ಆ ಗುಂಡಿ ಬೆಳಗಿನಿಂದ ನನ್ನ ಮೂಗಿನ ಮುಂದೆಯೇ ಇತ್ತು!

ಸಂಜೆ ಸುಮಾ ಮುಖವರಳಿಸಿಕೊಂಡು ಬಂದಳು. “ಕೆಲಸ ಸಿಕ್ತು! ಹಲಗಿ ಮ್ಯಾಲೆ ಚಿತ್ರಾ ತಗದು ಪಾಠ ಮಾಡಿದೆ. ಭಾಳ ಚಲೋ ಆತಂದ್ರು.”

“ಮತ್ತೇನ್ ಕೇಳಿದ್ರು?”

“ಮನ್ಯಾಗ ಕಂಪ್ಯೂಟರ್ ತಿಳಿದವ್ರು ಯಾರರ ಇದ್ದಾರೇನು ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ.”

ಪ್ರತಿಭಟಿಸಲು ಬಾಯಿ ತೆರೆದೆ. ಅವಳು ಸುಳ್ಳೇನೂ ಹೇಳಿರಲಿಲ್ಲ. ಎದ್ದು ಚಹಾಕ್ಕೆ ನೀರಿಟ್ಟೆ.