ಮುಟ್ಟಬೇಡಿ, ಬರೆಯಿರಿ

ಹನ್ನೆರಡು ವರ್ಷದಿಂದ ಶೃಂಗೇರಿಯ ಲಾಡ್ಜೊಂದರ ಫ್ಯಾನು, ಗೀಸರು, ಪಂಪುಗಳೆಲ್ಲ ಮೆಣಸೆ ಊರಿನ ಯಜ್ಞೇಶನ ಮಾತು ಕೇಳಿಕೊಂಡೇ ಓಡುತ್ತಿದ್ದವು. ಆದರೆ ಅವನ ಹತ್ತಿರ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟು ಇರಲಿಲ್ಲ. ಇನ್ಶೂರೆನ್ಸಿನವರು ಬಂದು ಅದನ್ನೇ ಕೇಳಿದ ಮೇಲೆ ಲಾಡ್ಜಿನ ಮಾಲೀಕ ಶಂಕರನಾರಾಯಣರು ಬೇಜಾರಿನಲ್ಲೇ ಹೇಳಿದರು.

"ನಿನ್ನ ಕೈ ನಂಗೆ ಗೊತ್ತು ಮಾರಾಯ. ಆದ್ರೆ ಅವರಿಗೆ ಕೈ ಬೇಡ, ಕಾಗದ ಬೇಕಂತೆ. ಪಾಸ್ ಮಾಡ್ಕಂಡು ಬಾ, ಕೆಲ್ಸ ಖಾಯಂ. ಇಲ್ಲಾಂದ್ರೆ ಕಾಗದ ಇದ್ದವರನ್ನೇ ಇಟ್ಕೊಳ್ಬೇಕಾಗ್ತದೆ."

ನಲವತ್ತೊಂದನೇ ವಯಸ್ಸಿನಲ್ಲಿ ಯಜ್ಞೇಶ ಆರು ತಿಂಗಳು ಸಂಜೆ ತರಗತಿಯಲ್ಲಿ ಕೂತ. ಓಮನ ನಿಯಮವನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದ. ಉಳಿದದ್ದು ಕೊಪ್ಪದಲ್ಲಿ ಒಂದು ಪ್ರಾಕ್ಟಿಕಲ್ ಪರೀಕ್ಷೆ ಮಾತ್ರ.

ಆ ದಿನ ಬೆಳಿಗ್ಗೆ ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ಕಮಲಕ್ಕ ಅಡ್ಡ ಬಂದರು.

"ಯಜ್ಞೇಶ, ನಮ್ಮ ಮಿಕ್ಸಿ ಒಂಚೂರು ನೋಡಿ ಹೋಗು. ಚಟ್ನಿ ಇಲ್ದೆ ಇವ್ರು ದೋಸೆ ಮುಂದೆ ಮುಖ ಊದಿಸ್ಕಂಡು ಕೂತಿದಾರೆ."

"ನಂಗೆ ಪರೀಕ್ಷೆ ಇದೆ ಕಮಲಕ್ಕ."

"ಇದೂ ಒಂದು ಪರೀಕ್ಷೆನೇ ಅಂದ್ಕ."

ಮಿಕ್ಸಿ ಸರಿಯಾಯಿತು. ಎಷ್ಟು ಸರಿಯಾಯಿತೆಂದರೆ, ಮುಚ್ಚಳ ಹಾಕುವ ಮೊದಲೇ ತಿರುಗಿ ಅರ್ಧ ಚಟ್ನಿಯನ್ನು ಅವನ ಬಿಳಿ ಅಂಗಿಗೆ ಬಡಿಸಿತು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸಿನ ಕಂಡಕ್ಟರು ಪರಿಚಯದವನು. ಬಾಗಿಲ ಬಳಿಯ ಬೆಲ್ಲು ಕೆಟ್ಟಿದೆ ಎಂದು ಅವನು ಸುಮ್ಮನೆ ಹೇಳಿದ್ದಷ್ಟೇ, ಯಜ್ಞೇಶ ಸ್ಕ್ರೂಡ್ರೈವರ್ ಹಿಡಿದು ಎದ್ದು ನಿಂತಿದ್ದ. ಸಡಿಲವಾದ ವೈರು ಕಂಡರೆ ಅವನಿಗೆ ಹಸಿದ ಮಗು ಅತ್ತ ಹಾಗಾಗುತ್ತಿತ್ತು. ಬೆಲ್ಲು ಪರೀಕ್ಷಿಸಲೆಂದು ಒತ್ತಿದಾಗಲೆಲ್ಲ ಡ್ರೈವರು ಬಸ್ಸು ನಿಲ್ಲಿಸಿದ. ಕೊಪ್ಪ ಮುಟ್ಟುವಾಗ ತಡವಾಗಿತ್ತು.

ಪರೀಕ್ಷಕ ಉಮಾಮಹೇಶ್ವರ ಅವರು ಅವನ ಅಂಗಿಯನ್ನೇ ದಿಟ್ಟಿಸಿದರು. "ಇದೆಂತದು?"

"ಕಾಯಿಚಟ್ನಿ, ಸಾರ್."

"ತಡವಾಗಿ ಬಂದದ್ದಕ್ಕೆ ಶಿಕ್ಷೆ, ನೀವೇ ಮೊದಲು ಒಳಗೆ ಹೋಗಿ. ಮೋಟಾರಿನ ಪ್ಯಾನೆಲಲ್ಲಿ ದೋಷ ಇದ್ರೆ ಏನು ಅಂತ ಬರೀಬೇಕು. ಇಲ್ದಿದ್ರೆ ಇಲ್ಲ ಅಂತ ಬರೀಬೇಕು. ಸರಿ ಮಾಡೋ ಹಾಗಿಲ್ಲ. ನಿಮ್ಮ ನಂತರ ಇನ್ನೂ ಐದು ಜನ ಇದಾರೆ."

ಒಳಗೆ ಯಜ್ಞೇಶ ಬಟನ್ ಒತ್ತಿದ, ಮೋಟಾರು ಮಿಸುಕಲಿಲ್ಲ. ಮೇನ್ ಆಫ್ ಮಾಡಿ ನೋಡಿದರೆ ಸ್ಟಾರ್ಟರಿನ ನ್ಯೂಟ್ರಲ್ ವೈರು ಸಡಿಲ. ಎರಡು ನಿಮಿಷದ ಕೆಲಸ. 'ನ್ಯೂಟ್ರಲ್ ಸಡಿಲವಾಗಿದೆ' ಎಂದು ದುಂಡಗೆ ಬರೆದುಕೊಟ್ಟು ಹೊರಗೆ ಬಂದು ಬೆಂಚಿನ ಮೇಲೆ ಕೂತ. ಲಾಡ್ಜಿನ ಖಾಯಂ ನೌಕರನಾಗಿ ಮನಸ್ಸಿನಲ್ಲೇ ಒಂದು ಸುತ್ತು ಹಾಕಿಯೂ ಬಂದ.

ಮಧ್ಯಾಹ್ನ ಉಮಾಮಹೇಶ್ವರರು ಆರೂ ಕಾಗದ ಹಿಡಿದು ಹೊರಬಂದರು. ಮುಖ ಕೆಂಪಾಗಿತ್ತು.

"ಐದು ಜನ ದೋಷ ಇಲ್ಲ ಅಂತ ಬರೆದಿದ್ದೀರಿ. ನಾನೇ ಕೈಯಾರೆ ಸಡಿಲ ಮಾಡಿದ ವೈರು. ಈಗ ಹೋಗಿ ನೋಡಿದ್ರೆ ಮೋಟಾರು ಜುಮ್ಮಂತ ಓಡ್ತಿದೆ. ಬಿಗಿ ಮಾಡಿದ್ದು ಯಾರು?"

ಯಜ್ಞೇಶ ತನ್ನ ಬಲಗೈಯನ್ನು ನೋಡಿಕೊಂಡ. ಬರೆಯುವ ಮೊದಲೇ ಅದು ತನ್ನ ಪಾಡಿಗೆ ತಾನು ಸ್ಕ್ರೂ ತಿರುಗಿಸಿಬಿಟ್ಟಿತ್ತು. ಅವನಿಗೆ ನೆನಪಾದದ್ದೇ ಈಗ.

"ನಾನೇ ಇರ್ಬೇಕು, ಸಾರ್," ಎಂದು ಎದ್ದು ನಿಂತ.

"ನಿಮ್ಮ ಉತ್ತರ ಸರಿ. ಆದ್ರೆ ನಿಯಮ ಮುರಿದಿದ್ದೀರಿ, ಫೇಲು. ನೀವು ಸರಿ ಮಾಡಿದ ಮೇಲೆ ಒಳಗೆ ಹೋದ ಇವರು ಇದ್ದದ್ದನ್ನೇ ಬರೆದಿದ್ದಾರೆ. ಇವರೆಲ್ಲ ಪಾಸು."

ಸಂಜೆಯ ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕೂತವನು ಆ ಐವರಲ್ಲೊಬ್ಬ, ಶೃಂಗೇರಿಯ ರಾಕೇಶ.

"ಯಜ್ಞೇಶಣ್ಣ, ನಿಮ್ಮಿಂದ ಬಚಾವಾದೆ. ನಂಗೆ ಕರೆಂಟು ಅಂದ್ರೆ ಜೀವಭಯ. ಪ್ಯಾನೆಲಿನ ಬಾಗ್ಲೂ ತೆಗೀಲಿಲ್ಲ, ದೋಷ ಇಲ್ಲ ಅಂತ ಬರೆದು ಬಂದ್ಬಿಟ್ಟೆ."

ಯಜ್ಞೇಶ ಕಿಟಕಿ ಕಡೆ ತಿರುಗಿದ. ರಾಕೇಶ ಇನ್ನಷ್ಟು ಹತ್ತಿರ ಸರಿದ.

"ನಮ್ಮ ಮಾವ ಆಗ್ಲೇ ಶಂಕರನಾರಾಯಣರಿಗೆ ಫೋನ್ ಮಾಡಿದ್ರು. ಸೋಮವಾರದಿಂದ ಲಾಡ್ಜಿಗೆ ಬಾ ಅಂದ್ರಂತೆ. ಅಲ್ಲಣ್ಣ, ಅಲ್ಲಿ ಮೇನ್ ಸ್ವಿಚ್ ಎಲ್ಲಿದೆ?"

ಯಜ್ಞೇಶ ಜೇಬಿನಿಂದ ಹಾಲ್ ಟಿಕೆಟ್ ತೆಗೆದು, ಅದರ ಹಿಂದೆ ಲಾಡ್ಜಿನ ನಕ್ಷೆ ಬರೆಯತೊಡಗಿದ.