ನಮ್ಮ ಮಾಮಾ ಟ್ಯಾಬ್ಲೆಟ್ ನೋಡಲು ಹೋದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದು. ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಗಂಡು ಹೆಣ್ಣು ಜೋಡಿಸಿಬಿಡುವ ನಮ್ಮ ಮಾಮಾ, ಒಂದು ಟ್ಯಾಬ್ಲೆಟ್ ಆರಿಸಿಕೊಳ್ಳಲು ಇಡೀ ಬೇಸಿಗೆ ತೆಗೆದುಕೊಂಡರು ಅಂದರೆ ನಂಬುತ್ತೀರಾ? ನಂಬಲೇಬೇಕು. ಆ ಬೇಸಿಗೆಯಲ್ಲಿ ಅವರ ಚೀಲ ಹಿಡಿದು ರಾಯಚೂರು, ಮಾನ್ವಿ, ದೇವದುರ್ಗ ಅಂತ ಬಸ್ಸಿನಲ್ಲಿ ಬೆಂದವನು ನಾನು. ಟ್ಯಾಬ್ಲೆಟ್ಟಿನ ಹುಳವನ್ನು ಅವರ ತಲೆಯೊಳಗೆ ಬಿಟ್ಟವನೂ ನಾನೇ.

ಮದುವೆಗಳಲ್ಲಿ ಮೈಕ್ ಹಿಡಿದು ಮಿಮಿಕ್ರಿ ಮಾಡುವುದು ನನ್ನ ಉದ್ಯೋಗ. ಮಂತ್ರಿಯ ದನಿ, ಮಾಸ್ತರರ ದನಿ, ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವವನ ದನಿ, ಯಾವುದು ಬೇಕೋ ಹೇಳಿ. ನಿನ್ನ ಸ್ವಂತ ದನಿ ಯಾವುದು ಅಂತ ಮಾತ್ರ ಕೇಳಬೇಡಿ. ಒಮ್ಮೆ ಫೋನಿನಲ್ಲಿ ನನ್ನ ನಿಜವಾದ ದನಿ ಕೇಳಿದ ನಮ್ಮವ್ವ "ಯಾರ್ರಿ ನೀವು?" ಅಂದಿದ್ದಳು.

ಮಾನ್ವಿಯಲ್ಲಿ ಮಾಮಾನೇ ಕೂಡಿಸಿದ ಒಂದು ಮದುವೆ. ಅವರು ಮುಂದಿನ ಸಾಲಿನಲ್ಲಿ, ಬೀಗರ ನಡುವೆ, ಶಲ್ಯ ಹೊದ್ದು ಕೂತಿದ್ದರು. ನನಗೆ ಬುದ್ಧಿ ಕೆಟ್ಟಿತು. ಮಾಮಾ ಫೋನಿನಲ್ಲಿ ಹುಡುಗಿಯ ಫೋಟೋ ತೋರಿಸುವುದನ್ನೂ, ವರನ ಅಜ್ಜಿ ಕನ್ನಡಕ ಏರಿಸಿ ನೋಡುವುದನ್ನೂ ಮಾಡಿ ತೋರಿಸಿದೆ.

"ಯವ್ವಾ, ಈಕಿ ಹುಡುಗಿ. ಹಿಂದ ಕಾಣೋದು ಕಿಟಕಿ."

"ಹೌದೇನಪಾ? ನಾ ಕಿಟಕಿಗೇ ಒಪ್ಪಿಗಿ ಕೊಟ್ಟಿದ್ನಲ್ಲ."

ಮಂಟಪ ನಕ್ಕಿತು. ಮಾಮಾನೂ ನಕ್ಕರು. ಮರುದಿನ ಮುಂಜಾನೆ ನಾನು ಹಲ್ಲುಜ್ಜುತ್ತಿರುವಾಗ ರಾಯಚೂರಿನ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. "ಹೇಳಿದ್ದು ಖರೆ ಅದಲೇ. ಫೋನ್ ಸಣ್ಣದಾತು. ದೊಡ್ಡದೊಂದು ಕೊಡಸು ನಡಿ."

ಮಾಮಾ ಅವ್ವನ ತಮ್ಮ. ವಾಸ ಮಾನ್ವಿ, ಕಸುಬು ಸಂಬಂಧ ಕೂಡಿಸುವುದು. ಅವರ ಬಾಯಲ್ಲಿ ಯಾವ ಹುಡುಗನಿಗೂ ಕುಂದಿಲ್ಲ. ಬೋಳುತಲೆಯವನಿಗೆ "ಹಣಿ ವಿಶಾಲ ಅದ." ಕುಳ್ಳನಿಗೆ "ನೆಲದ ಮ್ಯಾಲ ಭಾಳ ಪ್ರೀತಿ." ಕೆಲಸವಿಲ್ಲದೆ ತಿರುಗುವವನಿಗೆ "ಮಂದೀ ಕೈಕೆಳಗ ದುಡಿಯೋ ಸ್ವಭಾವ ಅಲ್ರಿ ಅವಂದು." ಇದನ್ನು ಸುಳ್ಳು ಅಂದರೆ ಅವರಿಗೆ ಸಿಟ್ಟು ಬರುತ್ತದೆ. "ಸುಳ್ಳಲ್ಲಲೇ, ಬೆಳಕು ಬೀಳೋ ಬಾಜೂ ಹಿಡದು ತೋರಸ್ತೀನಿ, ಅಷ್ಟ."

ಇಂಥ ಮಾಮಾನಿಗೆ ಕೂಡಿಬಾರದ ಸಂಬಂಧ ಒಂದೇ ಒಂದು, ನಮ್ಮ ಅಕ್ಕನದು. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಅವಳಿಗೆ ತೊನ್ನಿನ ಬಿಳಿ ಮಚ್ಚೆ ಇದೆ. ಮಾಮಾ ಬಲಗಡೆಯಿಂದ ಫೋಟೋ ತೆಗೆಸುವರು. ಫೋನಿನ ಆ ಅಂಗೈಯಗಲದಲ್ಲಿ ಮಚ್ಚೆ ಕಾಣದು. ವರನ ಕಡೆಯವರು ಬರುವರು, ಉಪ್ಪಿಟ್ಟು ತಿನ್ನುವರು, ಅಕ್ಕ ಚಹಾದ ತಟ್ಟೆ ಹಿಡಿದು ಎದುರಿಗೆ ಬರುವಳು. ಆಮೇಲೆ "ಊರಿಗೆ ಹೋಗಿ ಫೋನ್ ಮಾಡ್ತೀವಿ" ಅಂತ ಏಳುವರು. ಆ ಫೋನು ಎಂದೂ ಬರಲಿಲ್ಲ. ಈಗ ದೇವದುರ್ಗದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ದನದ ಡಾಕ್ಟರು. ಅವರಿಗೆ ಫೋಟೋ ತೋರಿಸುವುದು ಹೊಸ ಟ್ಯಾಬ್ಲೆಟ್ಟಿನಲ್ಲೇ ಅಂತ ಮಾಮಾ ಹಟ ಹಿಡಿದರು. ಇದಾದರೂ ಕೂಡಲಿ ಅಂತ ಅವ್ವ ದಿನಾ ದೇವರ ಮುಂದೆ ಒಂದು ದೀಪ ಹೆಚ್ಚು ಹಚ್ಚತೊಡಗಿದಳು.

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಒಂದು ಅಂಗಡಿ. ಮಾಲೀಕನ ಮದುವೆ ಮಾಡಿಸಿದವರು ಮಾಮಾನೇ. ಅವರನ್ನು ಕಂಡರೆ ಅವನು ಎದ್ದು ನಿಲ್ಲುವುದು ಉಪಕಾರಕ್ಕೋ, ಹೆದರಿಕೆಗೋ ನನಗೆ ಇನ್ನೂ ತಿಳಿದಿಲ್ಲ. ಎರಡು ಟ್ಯಾಬ್ಲೆಟ್ ತಂದು ಮೇಜಿನ ಮೇಲೆ ಇಟ್ಟ. ಒಂದು ಬಿಳಿಯದು, ತೆಳ್ಳಗೆ, ತುಟ್ಟಿ. ಇನ್ನೊಂದು ಕರಿಯದು, ದಪ್ಪ, ಬೆಲೆಯಲ್ಲಿ ಸೌಮ್ಯ.

"ಎರಡೂ ಒಮ್ಮೆಲೇ ಇಡಬ್ಯಾಡ ತಮ್ಮಾ," ಮಾಮಾ ಕೈ ಅಡ್ಡ ಹಿಡಿದರು. "ಒಂದರ ಎದುರಿಗೆ ಇನ್ನೊಂದರ ಮರ್ಯಾದಿ ಹೋಗಬಾರದು. ಕರೀದನ್ನ ಒಳಗ ಕೂಡಸು."

ಅವನು ಕರೀದನ್ನು ಒಳಗೆ ಕೂಡಿಸಿದ. ಮಾಮಾ ಬಿಳೀದರ ಎದುರು ಕೂತು ಗಂಟಲು ಸರಿಮಾಡಿಕೊಂಡರು.

"ಮನಿತನ ಹೆಂಗ?"

"ದೊಡ್ಡ ಕಂಪನಿ ಮಾಮಾರ."

"ಮೊದಲು ಯಾರಿಗರೆ ತೋರಿಸೀರೇನು?"

"ಇದು ತೋರಸಾಕಂತ ಇಟ್ಟಿದ್ದ ಅದರಿ. ದಿನಾ ಮಂದಿ ನೋಡ್ತಾರ."

"ಮತ್ತ ಯಾಕ ಯಾರೂ ಒಪ್ಪಿಲ್ಲ?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

"ಸಿಟ್ಟಿನ ಸ್ವಭಾವ ಏನು?"

"ಅಂದ್ರ?"

"ಕಾಯ್ತದೇನು ಅಂತ ಕೇಳಾಕತ್ತೀನಿ."

ಉತ್ತರಕ್ಕೆ ಕಾಯದೆ ಬಿಳೀದನ್ನು ಎತ್ತಿಕೊಂಡು ರಸ್ತೆಗೇ ಇಳಿದರು. ರಾಯಚೂರಿನ ಮಧ್ಯಾಹ್ನದ ಬಿಸಿಲು ಗೊತ್ತಲ್ಲ, ಅದರಲ್ಲಿ ನಿಂತ ಕಾಗೆ ಕೂಡ ಬೇರೆ ಊರಿನ ಕಾಗೆಗಳಿಗೆ ಬೈಯುತ್ತಿರುತ್ತದೆ. ಮಾಮಾ ಜಾಹೀರಾತಿನ ಹುಡುಗಿಯಿದ್ದ ಪರದೆಯನ್ನು ಸೂರ್ಯನಿಗೆ ಹಿಡಿದು ಬಗ್ಗಿ ನೋಡಿದರು. "ಹುಡುಗಿ ಕಾಣವಲ್ಲಳು, ನನ್ನ ಮಾರಿ ಕಾಣಾಕತ್ತದ. ಇದನ್ನ ತೋರಿಸಿದ್ರ ನನಗ ಮದುವಿ ಮಾಡ್ತಾರ." ಕರೀದನ್ನೂ ಹೊರಗೆ ಕರೆಸಿದರು. ಅದರಲ್ಲೂ ಮಾಮಾನೇ ಕಂಡರು.

ಅಂಗಡಿಯವನು ಜಾಣತನ ಮಾಡಿದ. "ಮನಿಗೆ ಅಂದ್ರ ಬಿಳೀದು ಚಲೋರಿ. ಅತ್ತಿಯವರು ಸಂಜೀಕ ಭಜನಿ ಕೇಳ್ತಾರ, ಅಡಗಿ ವಿಡಿಯೋ ನೋಡ್ತಾರ. ಧಂದೆಕ್ಕ ಅಂದ್ರ ಕರೀದು ಗಟ್ಟಿ. ಸಿಮ್ ಹಾಕಬಹುದು, ಬಿದ್ರೂ ತಡೀತದ. ಎರಡೂ ಒಯ್ದುಬಿಡ್ರಿ."

ಮಾಮಾ ಎರಡನ್ನೂ ಮೇಜಿನ ಮೇಲೆ ಇಟ್ಟರು. "ಅಂದ್ರ ಎರಡು ಸಂಸಾರ ಮಾಡು ಅಂತೀ."

ಆಮೇಲೆ ಎದ್ದು, ಶಲ್ಯ ಕೊಡವಿ, ಅತ್ಯಂತ ಸೌಜನ್ಯದಿಂದ ಹೇಳಿದರು: "ಊರಿಗೆ ಹೋಗಿ ಫೋನ್ ಮಾಡ್ತೀವಿ."

ಊರಿಗೆ ಹೋದವರು ಫೋನ್ ಮಾಡಲಿಲ್ಲ, ಬಡಿಗನನ್ನು ಕರೆಸಿದರು. ಪ್ಲೈವುಡ್ಡಿನಲ್ಲಿ ಎರಡು ಹಲಗೆ ಕೊಯ್ಯಿಸಿದರು, ಒಂದು ತೆಳ್ಳಗೆ, ಒಂದು ದಪ್ಪ. ಒಂದಕ್ಕೆ ಬಿಳಿ ಬಣ್ಣ, ಒಂದಕ್ಕೆ ಕರಿ. ಯಾಕೆ ಅಂತೀರಾ? ಯಾವುದು ಬಗಲಲ್ಲಿ ಸರಿಯಾಗಿ ಕೂಡುತ್ತದೆ, ಬಸ್ಸಿನ ನೂಕುನುಗ್ಗಲಿನಲ್ಲಿ ಯಾವುದು ಕೈಗೆ ಹಗುರ, ಅದನ್ನೆಲ್ಲ ದುಡ್ಡು ಹಾಕುವ ಮೊದಲು ಅನುಭವಿಸಿ ನೋಡಬೇಕಂತೆ. ಒಂದು ದಿನ ಬಿಳಿ ಹಲಗೆ, ಒಂದು ದಿನ ಕರಿ ಹಲಗೆ. ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಕೇಳಿಯೇಬಿಟ್ಟ: "ರೊಟ್ಟಿ ಹಲಗಿ ಹಿಡಕೊಂಡು ಎಲ್ಲಿಗೆ ಹೊಂಟೀರಿ ಯಜಮಾನ್ರ?"

"ಕನ್ಯಾ ತೋರಸಾಕ."

ಕಂಡಕ್ಟರ್ ಟಿಕೀಟನ್ನು ಸ್ವಲ್ಪ ದೂರದಿಂದಲೇ ಚಾಚಿದ.

ಅರಕೇರಾದಲ್ಲಿ ಇನ್ನೂ ಮುಂದಕ್ಕೆ ಹೋಯಿತು. ಬೇರೆ ಯಾವುದೋ ಸಂಬಂಧಕ್ಕೆ ಹೋಗಿದ್ದೆವು. ಮಾಮಾ ಅಭ್ಯಾಸವಾಗಲಿ ಅಂತ ಹಲಗೆಯನ್ನೇ ತೊಡೆಯ ಮೇಲಿಟ್ಟು, ಬೆರಳು ಜಾರಿಸಿ, ಮನೆಯ ಹಿರಿಯರಿಗೆ ವಿವರಿಸಿದರು. "ಇಲ್ಲಿ ಹಿಂಗ ಸರಿಸಿದ್ರ ಹುಡುಗಿ ಬರ್ತಾಳ್ರಿ ಯಪ್ಪಾ." ಆ ಹಿರಿಯರು ಮರ್ಯಾದಸ್ಥರು. ಬಂದವರ ಮನಸ್ಸು ನೋಯಬಾರದು ಅಂತ ಹಲಗೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಮುಂದೆ ನೋಡಿ, ಹಿಂದೆ ತಿರುಗಿಸಿ ನೋಡಿ, ನಿಧಾನಕ್ಕೆ ಹೇಳಿದರು: "ಹುಡುಗಿ ಸ್ವಲ್ಪ ತೆಳ್ಳಗದಾಳ ಅನಸ್ತದ."

ಇತ್ತ ದೇವದುರ್ಗದ ಡಾಕ್ಟರ ಮನೆಯಿಂದ ಫೋನಿನ ಮೇಲೆ ಫೋನು. "ಫೋಟೋ ಯಾವಾಗ ತೋರಸ್ತೀರಿ?" ಅವ್ವ ಕಡೆಗೆ ತಮ್ಮನ ಮೇಲೆ ಹರಿಹಾಯ್ದಳು. "ಆ ಹಲಗಿ ಒಲಿಗೆ ಹಾಕ್ತೀನಿ ನೋಡು. ಇನ್ನೊಂದು ವಾರ ತಡ ಮಾಡಿದ್ರ ಅವರು ಬ್ಯಾರೆ ಕಡಿ ನೋಡ್ತಾರ." ಮಾಮಾ, ರಜೆ ಮುಗಿದು ಆಗಷ್ಟೇ ಶುರುವಾಗಿದ್ದ ಅಕ್ಕನ ಶಾಲೆ ಬಿಡುವ ಹೊತ್ತಿಗೆ ಆಟೋ ತಂದು ನಿಲ್ಲಿಸಿದರು. ಮೂವರೂ ಅಂಗಡಿಗೆ ಹೋದೆವು.

"ಎರಡರಾಗೂ ನಮ್ಮ ಹುಡುಗಿ ಫೋಟೋ ತಗಿ," ಮಾಮಾ ಅಂದರು. "ಬಲಗಡಿಂದ ಬ್ಯಾಡ. ಎದುರಿಗೆ ನಿಂತು ತಗಿ."

ಅಂಗಡಿಯವನು ಮೊದಲು ಬಿಳೀದರಲ್ಲಿ ತೆಗೆದ. ನೋಡುತ್ತೇನೆ, ಅಕ್ಕನ ಮುಖ ಈಗಷ್ಟೇ ಇಸ್ತ್ರಿ ಮಾಡಿದ ಹಾಗಿದೆ. ಮಚ್ಚೆ ಇಲ್ಲ. ಟ್ಯಾಬ್ಲೆಟ್ಟು ತಾನಾಗಿ ಚರ್ಮವನ್ನೆಲ್ಲ ಒಂದೇ ಬಣ್ಣಕ್ಕೆ ತಂದಿಟ್ಟಿತ್ತು. ನಗುವಾಗ ಬಾಯಿಯ ಪಕ್ಕ ಬೀಳುವ ಗೆರೆ ಇಲ್ಲ. ಹುಬ್ಬಿನ ಮೇಲೆ ಚಿಣ್ಣಿದಾಂಡು ಆಡುವಾಗ ನಾನೇ ಚಿಣ್ಣಿ ಹೊಡೆದು ಮಾಡಿದ ಗಾಯದ ಗುರುತೂ ಇಲ್ಲ. ಚೆಂದದ ಹುಡುಗಿ, ಆದರೆ ನಮ್ಮ ಮನೆಯವಳಲ್ಲ.

"ನೋಡ್ರಿ ಮಾಮಾರ, ಏನೂ ಕಾಣಂಗಿಲ್ಲ," ಅಂಗಡಿಯವನು ಹಿಗ್ಗಿದ. ಒಳ್ಳೆಯ ಮನಸ್ಸಿನಿಂದಲೇ ಅಂದ. ನಾನೂ ಕತ್ತೆಯಂತೆ "ಇದ ಇರ್ಲಿ ಮಾಮಾ" ಅಂದೆ. ಅಕ್ಕ ಬೆರಳಿಗೆ ಹತ್ತಿದ್ದ ಚಾಕ್‌ಪೀಸಿನ ಪುಡಿ ಒರೆಸಿಕೊಳ್ಳುತ್ತಿದ್ದಳು.

ಕರೀದರಲ್ಲಿ ತೆಗೆದರು. ಅದು ಯಾವ ದಾಕ್ಷಿಣ್ಯವೂ ಇಲ್ಲದ ಟ್ಯಾಬ್ಲೆಟ್ಟು. ಮಚ್ಚೆಯ ಅಂಚು ಎಲ್ಲಿ ತಿರುಗಿ ಕಿವಿಯ ಕೆಳಗೆ ಇಳಿಯುತ್ತದೆ ಅನ್ನುವುದನ್ನೂ ತೋರಿಸಿತು. ಗೆರೆ, ಗಾಯ, ದಿನವಿಡೀ ಪಾಠ ಹೇಳಿದ ದಣಿವು ಎಲ್ಲ ಇತ್ತು.

ಬೋಳುತಲೆಯನ್ನು ವಿಶಾಲ ಹಣೆ ಮಾಡಿದ ಮನುಷ್ಯ ಯಾವುದನ್ನು ಆರಿಸುತ್ತಾನೆ ಅಂತ ನಿಮಗೇ ಗೊತ್ತಲ್ಲ?

"ಕರೀದು ಕಟ್ಟು," ಮಾಮಾ ಅಂದರು.

"ಅದರಾಗ ಎಲ್ಲಾ ಕಾಣ್ತದರಿ."

"ಕಾಣ್ಲಿ."

"ಮಾಮಾರ, ಬಿಳೀದರಾಗ ಆ ಚಂದ ಮಾಡೋದನ್ನ ಬಂದ್ ಮಾಡಾಕ ಬರ್ತದ. ಇಲ್ಲಿ ಒಂದು ಗುಂಡಿ ಒತ್ತಿದ್ರ ಸಾಕು."

"ಇವತ್ತು ನೀ ಬಂದ್ ಮಾಡಿ ಕೊಡ್ತಿ. ನಾಳಿ ನನಗ ಚಾಲೂ ಮಾಡೋ ಬುದ್ಧಿ ಬಂದ್ರ?" ಮಾಮಾ ಅಕ್ಕನ ಕಡೆ ನೋಡಲಿಲ್ಲ, ಮೇಜಿನ ಗಾಜಿಗೆ ಹೇಳುವಂತೆ ಹೇಳಿದರು. "ಇಷ್ಟು ದಿನ ಬಾಜೂ ಹಿಡದು ತೋರಿಸಿ ಮಂದೀನ ಕರಕೊಂಡು ಬಂದಾವ ನಾ. ಅವರು ಎದ್ದು ಹೋಗೋದನ್ನ ನಿಂತು ನೋಡಿದಾಕಿ ಈಕಿ."

ಇಂಥ ಹೊತ್ತಿನಲ್ಲಿ ನಾನು ಯಾರದಾದರೂ ದನಿ ಮಾಡಿ ನಗಿಸಿಬಿಡುತ್ತೇನೆ. ಅವತ್ತು ಒಂದೂ ಬರಲಿಲ್ಲ.

ದೇವದುರ್ಗಕ್ಕೆ ಮಾಮಾ, ನಾನು ಇಬ್ಬರೇ ಹೋದೆವು. ಡಾಕ್ಟರು ಮನೆಯಲ್ಲಿರಲಿಲ್ಲ, ಯಾರದೋ ಎಮ್ಮೆ ಕರು ಹಾಕಲು ಒದ್ದಾಡುತ್ತಿತ್ತಂತೆ. ಅವರ ತಾಯಿ, ಅಜ್ಜಿ ಕೂತಿದ್ದರು. ಮಾಮಾ ಕರೀದನ್ನು ಅಜ್ಜಿಯ ತೊಡೆಯ ಮೇಲೇ ಇಟ್ಟರು. ತಾಯಿ ಬಗ್ಗಿ ನೋಡಿ ತಟ್ಟನೆ ಕೇಳಿದರು: "ಇದೇನ್ರಿ ಮಾರಿ ಮ್ಯಾಲ?"

ಮಾಮಾನ ಬತ್ತಳಿಕೆಯಿಂದ ಈಗ ಯಾವುದು ಬರುತ್ತದೋ. 'ಬೆಳದಿಂಗಳು ಬಿದ್ದದರಿ' ಅಂತಾರೋ, 'ದೇವರು ಗುರ್ತಿಗೆ ಇಟ್ಟದ್ದು' ಅಂತಾರೋ.

"ತೊನ್ನು ಅದರಿ ಯವ್ವಾ. ಒಬ್ಬರಿಂದ ಒಬ್ಬರಿಗೆ ಅಂಟಂಗಿಲ್ಲ. ಹುಡುಗಿ ಸಾಲ್ಯಾಗ ಪಾಠ ಹೇಳ್ತಾಳ. ಇಷ್ಟ ನೋಡ್ರಿ ಇರೋದು." ಮುಗಿಯಿತು. ಮಾಮಾನ ಬಾಯಿಂದ ಅಷ್ಟು ಗಿಡ್ಡ ಮಾತು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

"ಇಷ್ಟು ಎದ್ದು ಕಾಣೋದಂದ್ರ, ಮಂದಿ ಏನಂತಾರ..." ಅಂತ ತಾಯಿ ರಾಗ ಎಳೆದರು. ಅಜ್ಜಿ ಮಾತ್ರ ಟ್ಯಾಬ್ಲೆಟ್ ಬಿಟ್ಟುಕೊಟ್ಟಿರಲಿಲ್ಲ. ಎಷ್ಟೋ ವರ್ಷದ ಮೇಲೆ ಕಣ್ಣಿಗೆ ಒಂದು ಮುಖ ಸ್ಪಷ್ಟವಾಗಿ ಕಂಡಿತ್ತು ಅನಿಸುತ್ತದೆ. ನೋಡಿ ಸಾಕಾದ ಮೇಲೆ ಸೊಸೆಯ ಕಡೆ ತಿರುಗಿದರು.

"ನಿನ್ನ ನೋಡಾಕ ಬಂದಾಗ ನಮ್ಮ ಕೈಯಾಗ ಇಷ್ಟು ದೊಡ್ಡದು ಇದ್ದಿದ್ರ, ನೀ ಈ ಮನಿಗೆ ಬರ್ತಿರಲಿಲ್ಲ. ಸುಮ್ಮ ಚಾ ಇಡು ಹೋಗು."

ಸೊಸೆ ಮೊದಲು ಮುಖ ಊದಿಸಿದರು, ಆಮೇಲೆ ತಾವೇ ನಕ್ಕರು. ಚಹಾ ಬಂತು, ಜೊತೆಗೆ ಒಪ್ಪಿಗೆಯ ಸಕ್ಕರೆಯೂ ಬಂತು.

ಅವತ್ತು ಸಂಜೆ ನಮ್ಮ ಮನೆಯಲ್ಲಿ ಮಾಮಾ ಚಾಪೆಯ ಮೇಲೆ ಕೂತು "ಒಪ್ಯಾರ" ಅಂದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮಾಮಾ ಟ್ಯಾಬ್ಲೆಟ್ಟಿನಲ್ಲಿ ಡಾಕ್ಟರ ಫೋಟೋ ತೆರೆದು ಅಕ್ಕನ ಕೈಗೆ ಕೊಟ್ಟರು. ಅವರ ಮನೆಯವರೇ ಕಳಿಸಿದ ಫೋಟೋ. ಹಿಂದೆ ಜಲಪಾತ, ಮುಂದೆ ಡಾಕ್ಟರು, ಮುಖದ ಮೇಲೆ ಒಂದು ಮೊಡವೆಯೂ ಇಲ್ಲ, ಒಂದು ಸುಕ್ಕೂ ಇಲ್ಲ.

"ನಿನಗ ಒಪ್ಪಿಗಿ ಏನು ಯವ್ವಾ?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಹಂತಕ್ಕೆ ಯಾವ ಸಂಬಂಧವೂ ಬಂದಿರಲಿಲ್ಲ. ಅಕ್ಕ ಪರದೆಯ ಮೇಲೆ ಎರಡು ಬೆರಳಿಟ್ಟು ಡಾಕ್ಟರ ಗಲ್ಲವನ್ನು ದೊಡ್ಡದು ಮಾಡತೊಡಗಿದಳು.

ಅಷ್ಟರಲ್ಲಿ ಮಾಮಾ ತಮ್ಮ ಚಿಂತೆ ಬಿಚ್ಚಿದರು. "ನಮ್ಮ ಮನಿಗೆ ಇದು ಚಲೋ ಆತು. ಆದ್ರ ಊರ ಮಂದಿಗೆಲ್ಲ ಇದರಾಗ ತೋರಿಸಿದ್ರ ನನ್ನ ಧಂದೆ ಮುಳಗ್ತದ. ಎರಡೂ ಒಯ್ರಿ ಅಂತ ಅಂಗಡಿಯಾವ ಹೇಳಿದ್ದ ಖರೆ. ಮನಿಗೆ ಕರೀದು ಇರ್ಲಿ, ಧಂದೆಕ್ಕ ಬಿಳೀದೊಂದು ತಂದುಬಿಡ್ತೀನಿ."

ಮರುದಿನ ಮಾಮಾ ಅಂಗಡಿಗೆ ಹೋಗಲಿಲ್ಲ. ಕರೀದನ್ನು ಬಗಲಲ್ಲಿಟ್ಟುಕೊಂಡು, ಡಾಕ್ಟರನ್ನು ಎದುರಿಗೆ ನಿಲ್ಲಿಸಿ ಫೋಟೋ ತೆಗೆಯಲು ಮತ್ತೆ ದೇವದುರ್ಗದ ಬಸ್ಸು ಹತ್ತಿದರು. ಬಿಳೀದರ ಹೆಸರು ಅವರ ಬಾಯಲ್ಲಿ ಆಮೇಲೆ ಬರಲೇ ಇಲ್ಲ. ಯಾಕೆಂದರೆ ಆ ಸಂಜೆ ಅಕ್ಕ, ಪರದೆಯಿಂದ ತಲೆ ಎತ್ತದೆ, ತರಗತಿಯಲ್ಲಿ ಪ್ರಶ್ನೆ ಕೇಳುವ ದನಿಯಲ್ಲೇ ಕೇಳಿದ್ದಳು:

"ಹಂಗಾದ್ರ ಮಾಮಾ, ಈ ಡಾಕ್ಟರ್ ಫೋಟೋ ಯಾವುದರಾಗ ತೆಗದದ್ದು?"